ಟಿ-34 ಮಾದರಿಗೆ ಲೋಹದ ಟ್ರ್ಯಾಕ್ ಜೋಡಿಸುವವರಿಗೆ

ಎರಡನೇ ಮಹಾಯುದ್ಧದ ಸೋವಿಯತ್ ಟ್ಯಾಂಕ್ ಟಿ-34ರ 1/35 ಅಳತೆಯ ಮಾದರಿಗೆ ಬಿಡಿ ಕೊಂಡಿಗಳ ಲೋಹದ ಟ್ರ್ಯಾಕ್ (ಚಕ್ರಗಳನ್ನು ಸುತ್ತುವ ಪಟ್ಟಿ) ಹಾಕುವವರು ಮೊದಲು ನೋಡಬೇಕಾದ್ದು ಪಿನ್ನಿನ ತೂತು, ಅಂದರೆ ಕೊಂಡಿಗಳನ್ನು ಸೇರಿಸುವ ತಂತಿ ಹೋಗುವ ತೂತು. ಎರಕದಲ್ಲಿ ಅದು ಎಷ್ಟೋ ಸಲ ಅರ್ಧ ಮುಚ್ಚಿರುತ್ತದೆ. ತಂತಿಯನ್ನು ಬಲವಂತವಾಗಿ ತುರುಕಬೇಡಿ, ಬಾಗಿಬಿಡುತ್ತದೆ. ತಂತಿಗಿಂತ ಕೂದಲೆಳೆಯಷ್ಟೇ ಹೆಚ್ಚು ದಪ್ಪದ ಬಿಟ್ಟನ್ನು ಕೈ ಡ್ರಿಲ್ಲಿಗೆ ಹಾಕಿ, ಎರಡೂ ಬದಿಯಿಂದ ನಿಧಾನವಾಗಿ ಬಿಡಿಸಿ. ತಂತಿಯ ತುದಿಯನ್ನು ಓರೆಯಾಗಿ ಕತ್ತರಿಸಿದರೆ ಸಲೀಸಾಗಿ ಒಳಹೋಗುತ್ತದೆ. ಸೂಪರ್ ಗ್ಲೂ ಹೊರತುದಿಗೆ ಮಾತ್ರ, ಸೂಜಿಮೊನೆಯಲ್ಲಿ ನಿಲ್ಲುವಷ್ಟು. ಒಳಗಿಳಿದರೆ ಕೀಲು ಆಡುವುದಿಲ್ಲ.

ಟಿ-34ರಲ್ಲಿ ಹಲ್ಲಿರುವ ಕೊಂಡಿ, ಹಲ್ಲಿಲ್ಲದ ಕೊಂಡಿ ಒಂದು ಬಿಟ್ಟು ಒಂದು ಬರುತ್ತವೆ. ಅಸಲಿ ಟ್ಯಾಂಕಿನಲ್ಲಿ ಬದಿಗೆ 72. ಮಾದರಿಗೆ ಉದ್ದ ಹೆಚ್ಚಾದರೆ ಎರಡೆರಡಾಗಿಯೇ ತೆಗೆಯಿರಿ, ಇಲ್ಲವಾದರೆ ಸರದಿ ತಪ್ಪುತ್ತದೆ. ಹತ್ತು ಹನ್ನೆರಡು ಕೊಂಡಿ ಸೇರಿದೊಡನೆ ಹಿಂದಿನ ಚಾಲಕ ಚಕ್ರಕ್ಕೆ ಸುತ್ತಿ ನೋಡಿ, ಕೊಂಡಿಯ ಹಲ್ಲುಗಳು ಆ ಚಕ್ರದ ರೋಲರ್‌ಗಳ ನಡುವೆ ಕೂರಬೇಕು. ಮೇಲ್ಭಾಗವನ್ನು ಬಿಗಿಯಾಗಿ ಎಳೆಯಬೇಡಿ. ಈ ಟ್ಯಾಂಕಿಗೆ ರಿಟರ್ನ್ ರೋಲರ್ (ಟ್ರ್ಯಾಕಿನ ಮೇಲ್ಭಾಗವನ್ನು ಹೊರುವ ಚಿಕ್ಕ ಚಕ್ರ) ಇಲ್ಲ. ಟ್ರ್ಯಾಕ್ ತನ್ನ ಭಾರಕ್ಕೇ ಜೋತು ದೊಡ್ಡ ಚಕ್ರಗಳ ಮೇಲೆ ಕೂರುತ್ತದೆ. ಲೋಹ ಹಾಕುವುದೇ ಆ ಜೋಲಿನ ಚೆಂದಕ್ಕೆ!

ಲೋಹವನ್ನು ಕಪ್ಪಾಗಿಸುವ ದ್ರಾವಣಕ್ಕೆ ಟ್ರ್ಯಾಕನ್ನು ಅದ್ದುವ ಮುನ್ನ ಸೋಪು ನೀರಿನಲ್ಲಿ ಹಳೆ ಬ್ರಷ್ಷಿನಿಂದ ತಿಕ್ಕಿ ತೊಳೆಯಿರಿ. ಬೆರಳಿನ ಜಿಡ್ಡು ಉಳಿದ ಕಡೆ ಬಣ್ಣ ಹಿಡಿಯುವುದಿಲ್ಲ. ಗ್ಲೌಸ್ ಹಾಕಿಕೊಳ್ಳಿ, ಕಿಟಕಿ ತೆರೆದಿಡಿ.