ತಿರುಗಿಸಿ ಹಾಕಿದ ಲೆನ್ಸ್, ಹಿತ್ತಲಿನ ಹುಳುಗಳು

ಮೈಸೂರಿನ ನಮ್ಮ ಮನೆ ಹಿತ್ತಲಲ್ಲಿ ಒಂದು ಸಪೋಟ ಮರ ಇದೆ. ಅದರಲ್ಲಿ ಕೆಂಪಿರುವೆಗಳು ಎಲೆ ಸೇರಿಸಿ ಗೂಡು ಕಟ್ಟಿಕೊಂಡಿವೆ. ಮಲೆನಾಡಿನವರು ಚಗಳಿ ಅಂತ ಕರೆದು ಚಟ್ನಿ ಮಾಡ್ತಾರಲ್ಲ, ಅದೇ ಇರುವೆ. ಮ್ಯಾಕ್ರೋ ಫೋಟೋಗ್ರಫಿ, ಅಂದರೆ ಪುಟ್ಟ ಹುಳುಗಳನ್ನು ತೀರಾ ಹತ್ತಿರದಿಂದ ದೊಡ್ಡದಾಗಿ ತೆಗೆಯುವುದು, ಶುರು ಮಾಡಿದ ಹೊಸದರಲ್ಲಿ ಒಂದು ದಿನ ಅವುಗಳ ಹತ್ತಿಪ್ಪತ್ತು ಫೋಟೋ ತೆಗೆದು, ರಾತ್ರಿ ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡುತ್ತಾ ಕೂತಿದ್ದೆ. ಒಂದು ಇರುವೆ ಮಾತ್ರ ಯಾಕೋ ಬೇರೆ ಥರ ಕಂಡಿತು. ಕಾಲು ಎಣಿಸಿದೆ. ಎಂಟು! ನಾನು ಮೀಸೆ ಅಂದುಕೊಂಡಿದ್ದು ಮೀಸೆಯೇ ಅಲ್ಲ, ಎತ್ತಿ ಹಿಡಿದ ಮುಂಗಾಲುಗಳು. ಮುಖದ ಮೇಲೆ ಎರಡು ದೊಡ್ಡ ಕಪ್ಪು ಕಣ್ಣು, ನೇರ ನನ್ನನ್ನೇ ನೋಡುತ್ತಿದ್ದವು. ಅದು ಜೇಡ. ಕೆಂಪಿರುವೆ ಕಚ್ಚುತ್ತದೆ ಅಂತ ಎಷ್ಟೋ ಪ್ರಾಣಿಗಳು ಅದರ ತಂಟೆಗೆ ಹೋಗುವುದಿಲ್ಲ, ಹಾಗಾಗಿ ಈ ಜೇಡ ಅದೇ ವೇಷ ಹಾಕಿಕೊಂಡು ಅವುಗಳ ಆಸುಪಾಸಿನಲ್ಲೇ ಬದುಕುತ್ತದೆ. ಇಷ್ಟು ವರ್ಷ ಆ ಮರದ ಕೆಳಗೇ ಬಟ್ಟೆ ಒಣಗಿಸಿದ್ದೇವೆ, ಮನೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಅವತ್ತು ಹಿಡಿದ ಹುಚ್ಚು ಇವತ್ತಿಗೂ ಬಿಟ್ಟಿಲ್ಲ.

ಎಲ್ಲರೂ ಮೊದಲು ಕೇಳೋದು ಯಾವ ಲೆನ್ಸ್ ಅಂತ. ಆ ಜೇಡ ಸಿಕ್ಕಿದ್ದು ನನ್ನ ಕ್ಯಾನನ್ ಕ್ಯಾಮೆರಾ ಜೊತೆಗೇ ಬಂದಿದ್ದ 18-55 ಜೂಮ್ ಲೆನ್ಸಿನಲ್ಲಿ, ಅದನ್ನು ಹಿಂದುಮುಂದಾಗಿ ತಿರುಗಿಸಿ ಹಾಕಿ. ಅದಕ್ಕೆ ರಿವರ್ಸ್ ರಿಂಗ್ ಅಂತ ಬಳೆಯಂಥದ್ದು ಸಿಗುತ್ತದೆ, ನಾನು ಕೊಟ್ಟಿದ್ದು 300 ರೂಪಾಯಿ. ಲೆನ್ಸಿನ ಮುಂಭಾಗದಲ್ಲಿ ಫಿಲ್ಟರ್ ಕೂರುವ ಜಾಗಕ್ಕೆ ಇದನ್ನು ತಿರುಗಿಸಿ ಕೂರಿಸಿ, ಇನ್ನೊಂದು ಬದಿಯನ್ನು ಕ್ಯಾಮೆರಾಗೆ ಹಾಕಬೇಕು. ಅಳತೆ ನೋಡಿ ತಗೊಳ್ಳಿ, ನನ್ನ ಲೆನ್ಸಿನದು 58 ಮಿಲಿಮೀಟರ್. ಹೀಗೆ ಹಾಕಿದಾಗ ಜೂಮ್ ಪೂರಾ ಉಲ್ಟಾ ಆಗುತ್ತದೆ: 55ಕ್ಕೆ ಇಟ್ಟರೆ ಹುಳು ಚಿಕ್ಕದು, 18ಕ್ಕೆ ತಂದರೆ ದೊಡ್ಡದು. ಶುರುವಿಗೆ 55ರಲ್ಲೇ ಇರಿ. 18ರಲ್ಲಿ ಎಷ್ಟು ಹತ್ತಿರ ಹೋಗಬೇಕು ಅಂದರೆ ಲೆನ್ಸಿನ ನೆರಳೇ ಹುಳುವಿನ ಮೇಲೆ ಬೀಳುತ್ತದೆ.

ಒಂದು ತೊಡಕಿದೆ. ತಿರುಗಿಸಿದ ಲೆನ್ಸಿಗೂ ಕ್ಯಾಮೆರಾಗೂ ಸಂಪರ್ಕ ಇರುವುದಿಲ್ಲ, ಆಟೋ ಫೋಕಸ್ ಇಲ್ಲ, ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ) ಬದಲಾಯಿಸೋಕೂ ಆಗಲ್ಲ. ನಾನು ಮಾಡುತ್ತಿದ್ದದ್ದು ಹೀಗೆ: ಮೊದಲು ಲೆನ್ಸ್ ನೆಟ್ಟಗೆ ಹಾಕಿ, ಅಪರ್ಚರ್ ಎಫ್/8ಕ್ಕೆ ಇಟ್ಟು, ಕಿಂಡಿಯನ್ನು ಆ ಅಳತೆಗೆ ಕಿರಿದು ಮಾಡಿ ತೋರಿಸುವ ಡೆಪ್ತ್ ಆಫ್ ಫೀಲ್ಡ್ ಪ್ರಿವ್ಯೂ ಬಟನ್ ಒತ್ತಿ ಹಿಡಿದುಕೊಂಡೇ ಲೆನ್ಸ್ ಬಿಚ್ಚುವುದು. ಅಪರ್ಚರ್ ಅಲ್ಲೇ ನಿಲ್ಲುತ್ತದೆ. ಆಮೇಲೆ ತಿರುಗಿಸಿ ಹಾಕಿ. ಫೋಕಸ್‌ಗೆ ಲೆನ್ಸಿನ ಫೋಕಸ್ ರಿಂಗ್ ತಿರುಗಿಸಿ ಪ್ರಯೋಜನ ಇಲ್ಲ, ನೀವೇ ಹಿಂದೆ ಮುಂದೆ ಜರುಗಬೇಕು.

ಇಷ್ಟೆಲ್ಲ ಕಲಿತರೂ ಮೊದಲ ಎರಡು ತಿಂಗಳ ಫೋಟೋಗಳಲ್ಲಿ ಇಟ್ಟುಕೊಳ್ಳುವಂಥದ್ದು ನಾಲ್ಕೈದೂ ಇರಲಿಲ್ಲ. ನಾನು ತಪ್ಪು ಲೆನ್ಸಿನದು ಅಂದುಕೊಂಡಿದ್ದೆ. ಅದು ಬೆಳಕಿನ ಕೊರತೆ. ಹುಳು ತನ್ನ ನಿಜವಾದ ಗಾತ್ರದಲ್ಲೇ ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಸೆನ್ಸರ್ ಮೇಲೆ ಬಿದ್ದಾಗ, ಎಫ್/8ರಲ್ಲಿ ಸ್ಪಷ್ಟವಾಗಿ ಕಾಣುವ ಆಳ 1 ಮಿಲಿಮೀಟರೂ ಇರುವುದಿಲ್ಲ. ಕಣ್ಣು ಚೆನ್ನಾಗಿ ಬಂದರೆ ರೆಕ್ಕೆ ಮಬ್ಬು. ಆಳ ಜಾಸ್ತಿ ಬೇಕು ಅಂತ ಕಿಂಡಿಯನ್ನು ಇನ್ನೂ ಕಿರಿದು ಮಾಡಿ ಎಫ್/22ಕ್ಕೆ ಹೋದರೆ ಇಡೀ ಚಿತ್ರವೇ ಮೆತ್ತಗಾಗುತ್ತದೆ, ಜೊತೆಗೆ ಕತ್ತಲೆ. ಕತ್ತಲೆ ಅಂತ ಶಟರ್ ನಿಧಾನ ಮಾಡಿದರೆ ಕೈ ನಡುಗಿದ್ದೆಲ್ಲ ಫೋಟೋದಲ್ಲಿ ಬರುತ್ತದೆ. ಇದರಿಂದ ಪಾರಾಗಲು ನನಗೆ ಸಿಕ್ಕ ದಾರಿ ಫ್ಲಾಶ್. ಶಟರ್ 1/200 ಸೆಕೆಂಡ್, ಐಎಸ್ಓ (ಬೆಳಕಿಗೆ ಸೆನ್ಸರ್ ಸ್ಪಂದಿಸುವ ಮಟ್ಟ) 200, ಫ್ಲಾಶ್ ಮ್ಯಾನುಯಲ್‌ನಲ್ಲಿ ಪೂರ್ತಿ ಪವರ್‌ನ 1/8. ಕಡಿಮೆ ಪವರ್‌ನಲ್ಲಿ ಫ್ಲಾಶ್ ಬೆಳಗುವುದು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ ಹೊತ್ತು, ಅಷ್ಟರಲ್ಲಿ ಕೈ ಎಷ್ಟು ತಾನೇ ಅಲುಗಾಡೀತು?

ಆದರೆ ಬರೀ ಫ್ಲಾಶ್ ಹೊಡೆದರೆ ಗುಲಗಂಜಿ ಹುಳುವಿನ ಬೆನ್ನ ಮೇಲೆ ಬಿಳಿ ಚುಕ್ಕೆ ಸುಟ್ಟಂತೆ ಕೂರುತ್ತದೆ. ಬೆಳಕನ್ನು ಹರಡಿ ಮೆದು ಮಾಡುವ ಡಿಫ್ಯೂಸರ್ ಬೇಕೇ ಬೇಕು. ಗಾಜಿನ ಸಾಮಾನು ಸುತ್ತಿ ಕಳಿಸುವ ತೆಳು ಬಿಳಿ ಫೋಮ್ ಹಾಳೆ ಇರುತ್ತಲ್ಲ, ಅದನ್ನು ಎರಡು ಪದರ ಮಾಡಿ, ಬಿಳಿ ಐಸ್‌ಕ್ರೀಮ್ ಡಬ್ಬದ ತಳ ಕತ್ತರಿಸಿ ಅದರ ಬಾಯಿಗೆ ಅಂಟಿಸಿ, ಲೆನ್ಸಿನ ತುದಿಯವರೆಗೂ ಬರುವ ಹಾಗೆ ಫ್ಲಾಶಿಗೆ ಕಟ್ಟಿದೆ. ಹುಳುವಿಗೆ ಎಷ್ಟು ಹತ್ತಿರವೋ ಬೆಳಕು ಅಷ್ಟು ಮೆದು. ಅವತ್ತು ಮೊದಲ ಸಲ ಆ ಹುಳುವಿನ ಬೆನ್ನ ಕೆಂಪು ಕೆಂಪಾಗಿಯೇ ಕಂಡಾಗ ಎಷ್ಟು ಖುಷಿಯಾಯಿತು ಅಂದರೆ, ಊಟಕ್ಕೆ ಕರೆದಿದ್ದೂ ಕೇಳಿಸಲಿಲ್ಲ.

ಇನ್ನು ಹೊತ್ತಿನ ವಿಷಯ. ಮಧ್ಯಾಹ್ನ ಹುಳುಗಳ ಹಿಂದೆ ಓಡಬೇಡಿ. ಮೈ ಬಿಸಿಯಾದ ಮೇಲೆ ಅವು ನಿಲ್ಲುವುದಿಲ್ಲ. ನೀಲಿ ಪಟ್ಟೆಯ ಜೇನ್ನೊಣ ಅಂತ ಒಂದಿದೆ, ಹಗಲಲ್ಲಿ ತುಳಸಿ ಹೂವಿನ ಮೇಲೆ ಒಂದು ಕ್ಷಣವೂ ಕೂರದೆ ಗುಂಯ್ ಅಂತ ಹಾರಾಡುತ್ತಿರುತ್ತದೆ. ಇದರ ಹಿಂದೆ ನಾನು ಒಂದು ವಾರ ಅಲೆದೆ. ಒಂದು ಸಂಜೆ ಆರು ಗಂಟೆಗೆ ನೀರು ಹಾಕುವಾಗ ನೋಡಿದರೆ, ತುಳಸಿಯ ಒಣಗಿದ ಕಡ್ಡಿಯನ್ನು ದವಡೆಯಲ್ಲಿ ಕಚ್ಚಿಕೊಂಡು, ಕಾಲು ಮಡಚಿಕೊಂಡು ಒಂದರ ಹಿಂದೆ ಒಂದು ಮೂರು ಮಲಗಿವೆ! ಇವು ಮಲಗುವುದೇ ಹೀಗೆ. ಮಾರನೇ ದಿನ ಬೆಳಗಿನ ಆರೂವರೆಗೂ ಅಲ್ಲೇ ಇದ್ದವು, ಮೈ ಮೇಲೆ ಸಣ್ಣ ಸಣ್ಣ ಇಬ್ಬನಿ ಹನಿ. ಎಡಗೈ ಬೆರಳಲ್ಲಿ ಕಡ್ಡಿಯ ಬುಡ ಮೆಲ್ಲಗೆ ಹಿಡಿದು, ಅದೇ ಕೈ ಮೇಲೆ ಲೆನ್ಸ್ ಊರಿದೆ. ಗಾಳಿಗೆ ಕಡ್ಡಿ ಅಲ್ಲಾಡಿದರೂ ಲೆನ್ಸ್ ಅದರ ಜೊತೆಗೇ ಅಲ್ಲಾಡುತ್ತದೆ, ಫೋಕಸ್ ತಪ್ಪುವುದಿಲ್ಲ. ಟ್ರೈಪಾಡ್‌ಗಿಂತ ನನಗೆ ಇದೇ ವಾಸಿ. ಉಸಿರು ಬಿಟ್ಟು ಖಾಲಿ ಮಾಡಿಕೊಂಡು ನಲವತ್ತು ಸಲ ಒತ್ತಿದೆ, ಮೂರು ಉಳಿದವು. ಹೊಟ್ಟೆಯ ಮೇಲಿನ ಆ ಪಟ್ಟೆಗಳು ಬರೀ ನೀಲಿಯಲ್ಲ, ನವಿಲಿನ ಕತ್ತಿನ ಹಾಗೆ ಹೊಳೆಯುತ್ತವೆ.

ಕೆಲವರು ಹುಳುಗಳನ್ನು ಫ್ರಿಜ್ಜಿನಲ್ಲಿಟ್ಟು, ಮಂಕಾದ ಮೇಲೆ ಫೋಟೋ ತೆಗೆಯುತ್ತಾರೆ. ದಯವಿಟ್ಟು ಬೇಡ. ಬೆಳಗಿನ ಚಳಿಯೇ ಆ ಕೆಲಸ ಮಾಡಿಕೊಡುತ್ತದೆ, ಅದೂ ಜೀವಕ್ಕೆ ತೊಂದರೆ ಇಲ್ಲದೆ.

ಈಗ ನಾನು ಜಾಸ್ತಿ ಬಳಸುವುದು 55-250 ಲೆನ್ಸಿನ ಮುಂದೆ ಕ್ಲಿಪ್ ಮಾಡುವ ರೇನಾಕ್ಸ್ 250 ಅನ್ನುವ ಕ್ಲೋಸ್-ಅಪ್ ಲೆನ್ಸ್. ಹುಳುವಿನಿಂದ ಸುಮಾರು 12 ಸೆಂಟಿಮೀಟರ್ ದೂರ ಸಿಗುತ್ತದೆ, ಅಪರ್ಚರ್ ಕೂಡ ಕ್ಯಾಮೆರಾದಲ್ಲೇ ಬದಲಾಯಿಸಬಹುದು. ಹೆಸರು ಗೊತ್ತಾಗದ ಹುಳುಗಳ ಫೋಟೋಗಳನ್ನು ಐನ್ಯಾಚುರಲಿಸ್ಟ್ ಅನ್ನುವ, ಜೀವಿಗಳನ್ನು ಗುರುತಿಸುವ ವೆಬ್‌ಸೈಟಿಗೆ ಹಾಕುತ್ತೇನೆ, ತಿಳಿದವರು ಹೇಳುತ್ತಾರೆ. ಅದಕ್ಕೋಸ್ಕರ ಮುಖದ್ದು ಒಂದು, ಬೆನ್ನಿನದು ಒಂದು, ಪಕ್ಕದ್ದು ಒಂದು ತೆಗೆದಿಟ್ಟುಕೊಳ್ಳಿ.

ಕಳೆದ ವಾರದಿಂದ ಕರಿಬೇವಿನ ಗಿಡದಲ್ಲಿ ಹಕ್ಕಿ ಹಿಕ್ಕೆಯ ಹಾಗೆ ಕಾಣುವ ಮೂರು ಪುಟ್ಟ ಮರಿಹುಳು ಇವೆ. ಬೆಳೆಯುತ್ತಾ ಅವು ಹಸಿರಾಗಿ, ಆಮೇಲೆ ಚಿಟ್ಟೆಯಾಗುತ್ತವೆ. ದಿನಾ ಬೆಳಿಗ್ಗೆ ಒಂದೊಂದು ಫೋಟೋ ತೆಗೆಯುತ್ತಿದ್ದೇನೆ. "ಆ ರೆಂಬೆ ಒಂದು ಬಿಟ್ಟುಬಿಡಮ್ಮ" ಅಂದೆ. ಅಮ್ಮ ಒಗ್ಗರಣೆಗೆ ಪಕ್ಕದ ಮನೆಯಿಂದ ಸೊಪ್ಪು ತರುತ್ತಿದ್ದಾಳೆ.