ಟಾರ್ಪಾಲು ಹೊದ್ದ ಲೇತ್

ಸಣ್ಣ ಕೈಗಾರಿಕೆಗಳಿಗೆ ಸರ್ಕಾರದ ನೆರವು ಹೇಗಿರಬೇಕು ಅಂತ ಯೋಜನೆ ಬರೆಯುವುದು ನನ್ನ ಕೆಲಸ. ಮೊದಲು ಬರೆದದ್ದು ಬಲು ಸರಳವಾಗಿತ್ತು. ಹೊಸ ಮಷಿನ್ ಕೊಂಡು ಬಿಲ್ ತೋರಿಸಿದರೆ ಸಬ್ಸಿಡಿ. ಅರ್ಜಿಗಳು ರಾಶಿ ಬಿದ್ದವು, ಇಟ್ಟಿದ್ದ ಹಣವೆಲ್ಲ ಖರ್ಚಾಯಿತು. ಯೋಜನೆ ಗೆದ್ದಿತು ಅಂದುಕೊಂಡೆ.

ವರ್ಷದ ಮೇಲೆ ಪಂಪಿನ ಬಿಡಿಭಾಗ ಮಾಡುವ ಒಂದು ವರ್ಕ್‌ಶಾಪಿಗೆ ಹೋದೆ. ನಮ್ಮ ಸಬ್ಸಿಡಿಯಲ್ಲಿ ಬಂದ ಲೇತ್, ಅಂದರೆ ಲೋಹವನ್ನು ತಿರುಗಿಸುತ್ತಾ ಕೊರೆಯುವ ಮಷಿನ್, ಮೂಲೆಯಲ್ಲಿ ನೀಲಿ ಟಾರ್ಪಾಲು ಹೊದ್ದು ನಿಂತಿತ್ತು. ಪಕ್ಕದಲ್ಲಿ ಹಳೆಯದೇ ಓಡುತ್ತಿತ್ತು.

‘ಇದನ್ನ ಯಾಕೆ ಓಡಿಸ್ತಿಲ್ಲ?’ ಅಂತ ಕೇಳಿದೆ.

‘ಮಾಲು ಮಾಡೋದೇನೋ ಮಾಡಬಹುದು ಸರ್. ದೊಡ್ಡ ಕಂಪನಿಯವರು ಟೆಸ್ಟ್ ರಿಪೋರ್ಟ್ ಕೇಳ್ತಾರೆ. ಅದು ಕೈಗೆ ಬರೋಕೆ ಒಂದು ತಿಂಗಳು. ಅಷ್ಟರಲ್ಲಿ ಆರ್ಡರ್ ಬೇರೆಯವರ ಪಾಲಾಗಿರುತ್ತೆ’ ಅಂದರು ಮಾಲೀಕರು.

ಅವರಿಗೆ ಬೇಕಿದ್ದದ್ದು ಹತ್ತಿರದಲ್ಲೊಂದು ಪರೀಕ್ಷಾ ಕೇಂದ್ರ. ನಾನು ಮಷಿನ್ ಕೊಡಿಸಿದ್ದೆ.

ಮುಂದಿನ ಕರಡಿಗೆ ಕೈ ಹಾಕುವ ಮೊದಲು ಕಾರ್ಖಾನೆಗಳಿಗೆ ಹೋಗಿ ಕೂತೆ. ‘ಕೊನೆಯ ಸಲ ಕೈತಪ್ಪಿದ ಆರ್ಡರ್ ಯಾವುದು? ಯಾಕೆ ತಪ್ಪಿತು?’ ಇಷ್ಟೇ ಕೇಳಿದೆ. ಕೆಲವರಿಗೆ ಆರ್ಡರ್ ಇತ್ತು, ಅಡಮಾನಕ್ಕೆ ಆಸ್ತಿ ಇಲ್ಲದೆ ಬ್ಯಾಂಕ್ ಸಾಲ ಸಿಕ್ಕಿರಲಿಲ್ಲ. ಅವರಿಗೆ ಸಬ್ಸಿಡಿಗಿಂತ ಸಾಲಕ್ಕೆ ಸರ್ಕಾರದ ಖಾತರಿ ಜಾಸ್ತಿ ಉಪಯೋಗ. ಆದರೆ ಸಾಲ ವಾಪಸ್ ಬರದಿದ್ದಾಗ ನಷ್ಟವನ್ನೆಲ್ಲ ಸರ್ಕಾರವೇ ಹೊತ್ತರೆ ಬ್ಯಾಂಕಿನವರು ಯಾಕೆ ವಿಚಾರಿಸಿ ಸಾಲ ಕೊಡ್ತಾರೆ, ಅಲ್ವಾ? ಒಂದು ಪಾಲು ನಷ್ಟ ಬ್ಯಾಂಕಿನ ಮೇಲೇ ಇರಲಿ ಅಂತ ಹಟ ಹಿಡಿದೆ. ಆ ಇಡೀ ಕರಡಿನಲ್ಲಿ ನಾನು ಅತಿ ಹೆಚ್ಚು ವಾದ ಮಾಡಿದ್ದು ಈ ಒಂದು ಸಾಲಿಗಾಗಿ.

ಸಬ್ಸಿಡಿಯನ್ನು ಪೂರ್ತಿ ಬಿಡಲಿಲ್ಲ, ಕೊಡುವ ರೀತಿ ಬದಲಿಸಿದೆ. ಇಲ್ಲಿ ನನಗೆ ದಕ್ಷಿಣ ಕೊರಿಯಾ ನೆನಪಾಗುತ್ತಿತ್ತು. 1964ರಲ್ಲಿ ಅದರ ರಫ್ತು ಸುಮಾರು 10 ಕೋಟಿ ಡಾಲರ್. 1977ರ ಹೊತ್ತಿಗೆ 1,000 ಕೋಟಿ ಡಾಲರ್. ಅಲ್ಲಿ ಕಡಿಮೆ ಬಡ್ಡಿಯ ಸಾಲ ಸುಮ್ನೆ ಸಿಗುತ್ತಿರಲಿಲ್ಲ, ರಫ್ತು ಮಾಡಿ ತೋರಿಸಬೇಕಿತ್ತು. ಅದನ್ನೇ ಈಗ ನಕಲು ಮಾಡುವ ಹಾಗಿಲ್ಲ. ರಫ್ತಿನ ಷರತ್ತಿನ ಮೇಲೆ, ಇಲ್ಲವೇ ದೇಶೀ ಮಾಲನ್ನೇ ಬಳಸಬೇಕೆಂಬ ಷರತ್ತಿನ ಮೇಲೆ ಸಬ್ಸಿಡಿ ಕೊಡುವುದನ್ನು 1995ರಲ್ಲಿ ಜಾರಿಗೆ ಬಂದ ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದ ನಿಷೇಧಿಸುತ್ತದೆ. ಹಾಗಾಗಿ ನಾನು ಉತ್ಪಾದನೆಯನ್ನು ಹಿಡಿದುಕೊಂಡೆ. ಮಷಿನ್ ಕೂರಿಸಿದಾಗ ಅರ್ಧ ಹಣ, ಒಂದು ವರ್ಷ ಓಡಿಸಿದ ಮೇಲೆ ಉಳಿದರ್ಧ. ಮಷಿನ್ ಓಡಿದೆ ಅನ್ನುವುದಕ್ಕೆ ಸಾಕ್ಷಿಯಾಗಿ ಮೊದಮೊದಲು ಏಳು ದಾಖಲೆ ಕೇಳಿದ್ದೆ. ಉದ್ಯಮಿಗಳು ಗೊಣಗಿದರು, ಅದು ನ್ಯಾಯವೇ. ಕೊನೆಗೆ ಕರೆಂಟ್ ಬಿಲ್ ಮತ್ತು ಮಾರಾಟದ ಲೆಕ್ಕ, ಎರಡೇ ಉಳಿಸಿದೆ. ಯೋಜನೆ ಮುಗಿಯುವ ದಿನವನ್ನೂ ಮೊದಲೇ ಬರೆದೆ. ಶುರುವಾದ ಮೇಲೆ ನಿಲ್ಲಿಸಲು ಯಾರೂ ಬಿಡುವುದಿಲ್ಲ.

ಪರೀಕ್ಷಾ ಕೇಂದ್ರ ಬರಲು ಎರಡು ವರ್ಷ ಹಿಡಿಯಿತು. ಆಮೇಲೆ ಅದೇ ವರ್ಕ್‌ಶಾಪಿಗೆ ಮತ್ತೆ ಹೋದೆ. ಲೇತ್ ಓಡುತ್ತಿತ್ತು, ಕೆಳಗೆ ಕಬ್ಬಿಣದ ಸುರುಳಿಗಳು ಬಿದ್ದಿದ್ದವು. ‘ಒಂದೇ ಶಿಫ್ಟ್ ಸರ್. ಎರಡನೇದಕ್ಕೆ ಕೆಲಸ ಗೊತ್ತಿರೋ ಆಪರೇಟರೇ ಸಿಗ್ತಿಲ್ಲ’ ಅಂದರು ಮಾಲೀಕರು. ಅಲ್ಲೇ ನಿಂತು ಅದನ್ನೂ ಬರೆದುಕೊಂಡೆ.