ಸಿಬಿಎಸ್‌ಇ ಹತ್ತನೇ ಕ್ಲಾಸಿನ ಅಂಕಪಟ್ಟಿ: ಪಾಸು, ಫೇಲು, ಗ್ರೇಡು ಓದಿಕೊಳ್ಳುವುದು ಹೇಗೆ

ಫಲಿತಾಂಶ ಬಂದ ಕೂಡಲೇ ಎಲ್ಲರ ಕಣ್ಣು ಗ್ರೇಡಿನ ಮೇಲೆ ಬೀಳುತ್ತದೆ. ಆದರೆ ಮಗು ಪಾಸೋ ಫೇಲೋ ಎಂಬುದನ್ನು ತೀರ್ಮಾನಿಸುವುದು ಅಂಕ. ಹಾಗಾಗಿ ಮೊದಲು ಪ್ರತಿ ವಿಷಯದ ಒಟ್ಟು ಅಂಕ ನೋಡಿ.

ಮುಖ್ಯ ವಿಷಯಗಳಲ್ಲಿ 100 ಅಂಕ ಎಂದರೆ ಲಿಖಿತ ಪರೀಕ್ಷೆಗೆ 80, ಶಾಲೆ ಕೊಡುವ ಆಂತರಿಕ ಅಂಕ 20. ಎರಡೂ ಸೇರಿ 33 ಬಂದರೆ ಪಾಸು. ಆಂತರಿಕದಲ್ಲಿ 17 ಸಿಕ್ಕಿದ್ದರೆ ಲಿಖಿತದಲ್ಲಿ 16 ಸಾಕು. ಆಂತರಿಕದಲ್ಲಿ ಬರೀ 8 ಇದ್ದರೆ 25 ಬೇಕು. ವರ್ಷವಿಡೀ ನಡೆಯುವ ಕಿರುಪರೀಕ್ಷೆ, ಪೋರ್ಟ್‌ಫೋಲಿಯೊ (ಮಗು ಮಾಡಿದ ಕೆಲಸಗಳ ಸಂಗ್ರಹ), ಲ್ಯಾಬ್ ಕೆಲಸಗಳನ್ನು ಹಗುರವಾಗಿ ಕಂಡವರಿಗೆ ಪೆಟ್ಟು ಬೀಳುವುದು ಇಲ್ಲೇ.

ಇದೇ ಲೆಕ್ಕವನ್ನು ಹನ್ನೆರಡನೇ ಕ್ಲಾಸಿಗೆ ಹಚ್ಚಬೇಡಿ. ಅಲ್ಲಿ ಥಿಯರಿ, ಪ್ರಾಕ್ಟಿಕಲ್ ಎರಡರಲ್ಲೂ ಬೇರೆಬೇರೆಯಾಗಿ ಶೇ. 33 ಬರಬೇಕು. ಭೌತಶಾಸ್ತ್ರದ ಥಿಯರಿಯಲ್ಲಿ 70ಕ್ಕೆ 20, ಪ್ರಾಕ್ಟಿಕಲ್‌ನಲ್ಲಿ 30ಕ್ಕೆ 30 ಬಂದರೆ ಒಟ್ಟು 50 ಆದರೂ ಫೇಲೇ.

ಇನ್ನು ಗ್ರೇಡು. ಹೆಚ್ಚಿನ ಗೊಂದಲ ಇರುವುದು ಇದರಲ್ಲಿ. ರಾಜ್ಯದ ಎಸ್ಸೆಸ್ಸೆಲ್ಸಿಯಲ್ಲಿ ಇಷ್ಟು ಅಂಕಕ್ಕೆ ಇಂಥ ಗ್ರೇಡು ಎಂದು ಗೊತ್ತುಮಾಡಿರುತ್ತಾರೆ. ಸಿಬಿಎಸ್‌ಇಯಲ್ಲೂ 2017ರವರೆಗೆ, ಸಿಸಿಇ (ನಿರಂತರ ಮತ್ತು ಸಮಗ್ರ ಮೌಲ್ಯಮಾಪನ) ಪದ್ಧತಿ ಇದ್ದಾಗ, 91ರಿಂದ ಮೇಲಕ್ಕೆ ಎ1 ಇತ್ತು. ಕೆಳಗಿನ ತರಗತಿಗಳ ರಿಪೋರ್ಟ್ ಕಾರ್ಡಿನಲ್ಲಿ ಹಲವು ಶಾಲೆಗಳು ಈಗಲೂ ಅದನ್ನೇ ಬಳಸುವುದರಿಂದ ಬೋರ್ಡ್ ಪರೀಕ್ಷೆಗೂ ಅದೇ ಲೆಕ್ಕ ಎಂದು ಪೋಷಕರು ತಿಳಿಯುತ್ತಾರೆ. ಬೋರ್ಡಿನಲ್ಲಿ ಹಾಗಿಲ್ಲ. ಒಂದು ವಿಷಯದಲ್ಲಿ ಪಾಸಾದವರನ್ನೆಲ್ಲ ಅಂಕದ ಕ್ರಮದಲ್ಲಿ ನಿಲ್ಲಿಸಿ ಎಂಟು ಪಾಲು ಮಾಡುತ್ತಾರೆ: ಎ1, ಎ2, ಬಿ1, ಬಿ2, ಸಿ1, ಸಿ2, ಡಿ1, ಡಿ2. 8 ಲಕ್ಷ ಮಕ್ಕಳು ಪಾಸಾಗಿದ್ದಾರೆ ಎಂದಿಟ್ಟುಕೊಂಡರೆ ಮೇಲಿನ ಸುಮಾರು 1 ಲಕ್ಷ ಮಕ್ಕಳಿಗೆ ಎ1. ಸಮಾನ ಅಂಕ ಪಡೆದವರಿಗೆ ಒಂದೇ ಗ್ರೇಡು.

ಹೀಗಾಗಿ ಎಲ್ಲರೂ ಚೆನ್ನಾಗಿ ಬರೆದ ವಿಷಯದಲ್ಲಿ 92 ಬಂದರೂ ಎ2 ಸಿಗಬಹುದು, ಕಷ್ಟದ ವಿಷಯದಲ್ಲಿ 88ಕ್ಕೇ ಎ1 ಬರಬಹುದು. ಗಣಿತದ ಬಿ1ನ್ನು ಭಾಷೆಯ ಬಿ1 ಜೊತೆ ಹೋಲಿಸಿ ಮಗುವನ್ನು ಬೈಯುವುದು ನ್ಯಾಯವಲ್ಲ. ಡಿ2 ಕಂಡು ಗಾಬರಿಯಾಗುವವರೂ ಇದ್ದಾರೆ, ಅದು ಪಾಸೇ. ಫೇಲಾದವರಿಗೆ ಮಾತ್ರ ಇ.

ಇ ಬಂದರೆ ಆರನೇ ವಿಷಯ ನೋಡಿ. ವಿಜ್ಞಾನ, ಗಣಿತ, ಸಮಾಜ ವಿಜ್ಞಾನ ಈ ಮೂರರಲ್ಲಿ ಒಂದರಲ್ಲಿ ಫೇಲಾಗಿ, ಆರನೆಯದಾಗಿ ತೆಗೆದುಕೊಂಡ ಐಟಿ ಅಥವಾ ಎಐಯಂಥ ಕೌಶಲ ವಿಷಯ ಪಾಸಾಗಿದ್ದರೆ ಅದು ಫೇಲಾದ ವಿಷಯದ ಜಾಗಕ್ಕೆ ಬರುತ್ತದೆ, ಫಲಿತಾಂಶ ಪಾಸು ಎಂದಾಗುತ್ತದೆ. ಆದರೆ ಫೇಲಾದ ವಿಷಯದ ಅಂಕ ಅಂಕಪಟ್ಟಿಯಲ್ಲಿ ಹಾಗೇ ಉಳಿಯುತ್ತದೆ. ಮುಂದೆ ಪಿಯುನಲ್ಲಿ ವಿಜ್ಞಾನ ಓದುವ ಆಸೆ ಇರುವವರು ಗಣಿತವನ್ನು ಮತ್ತೆ ಬರೆದು ದಾಟುವುದೇ ಒಳ್ಳೆಯದು.

ಬದಲಿ ವಿಷಯ ಇಲ್ಲದೆ ಒಂದೋ ಎರಡೋ ವಿಷಯ ಹೋದರೆ ‘ಕಂಪಾರ್ಟ್‌ಮೆಂಟ್’, ಅಂದರೆ ಹೋದ ವಿಷಯವನ್ನಷ್ಟೇ ಮತ್ತೆ ಬರೆಯುವುದು. ಅದಕ್ಕಿಂತ ಹೆಚ್ಚಾದರೆ ‘ಎಸೆನ್ಷಿಯಲ್ ರಿಪೀಟ್’, ಅಂದರೆ ಮುಂದಿನ ವರ್ಷ ಮತ್ತೆ ಪರೀಕ್ಷೆ. 2026ರಿಂದ ವರ್ಷಕ್ಕೆ ಎರಡು ಪರೀಕ್ಷೆಗಳಿವೆ. ಮೊದಲನೆಯದು ಎಲ್ಲರಿಗೂ ಕಡ್ಡಾಯ. ಕಂಪಾರ್ಟ್‌ಮೆಂಟ್ ಬಂದವರು ಎರಡನೆಯದನ್ನು ಬರೆಯಬಹುದು. ಪಾಸಾದವರೂ ಮೂರು ವಿಷಯಗಳವರೆಗೆ ಅಂಕ ಸುಧಾರಿಸಿಕೊಳ್ಳಬಹುದು, ಹೆಚ್ಚು ಬಂದ ಅಂಕವೇ ಉಳಿಯುತ್ತದೆ. ಮೊದಲ ಪರೀಕ್ಷೆಯಲ್ಲಿ ಮೂರು ಅಥವಾ ಹೆಚ್ಚು ವಿಷಯಗಳಿಗೆ ಗೈರಾದವರಿಗೂ ಈ ಅವಕಾಶವಿಲ್ಲ. ಆಂತರಿಕ ಅಂಕ ಎರಡಕ್ಕೂ ಒಂದೇ, ಮತ್ತೆ ಕೊಡುವುದಿಲ್ಲ.

ಒಟ್ಟಾರೆ ಶೇಕಡಾವಾರು, ಡಿಸ್ಟಿಂಕ್ಷನ್ ಯಾವುದನ್ನೂ ಬೋರ್ಡ್ ಹೇಳುವುದಿಲ್ಲ. ಐದಕ್ಕಿಂತ ಹೆಚ್ಚು ವಿಷಯ ಓದಿದ್ದರೆ ಯಾವ ಐದನ್ನು ಲೆಕ್ಕಕ್ಕೆ ಹಿಡಿಯಬೇಕೆಂದು ನಿರ್ಧರಿಸುವುದು ಸೇರಲಿರುವ ಕಾಲೇಜು. ಅರ್ಜಿ ತುಂಬುವ ಮುನ್ನ ಅಲ್ಲೇ ಕೇಳಿಕೊಳ್ಳಿ.